ಎರಡನೇ ಸಲ ಯಾರೂ ಕೇಳಲಿಲ್ಲ

ಬೆಳಗಿನ ಊಟದ ಗಂಟೆ ಹೊಡೆಯುವ ಮುಂಚೆಯೇ ಉರಬೆ ನಮ್ಮ ಶಿಬಿರದ ಬಟ್ಟೆ ಒಗೆಯುವ ಕೊಟ್ಟಿಗೆಯ ಹಿಂಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಕೈಯಲ್ಲಿ ಎರಡು ತಗಡಿನ ಬಕೆಟ್. ಹಿಂದಿನ ದಿನ ಬಟ್ಟೆ ಜಾಲಿಸಿದ ನೀರನ್ನು ನಾವು ಹೆಂಗಸರು ಚೆಲ್ಲದೆ ಅವನಿಗಾಗಿ ತೊಟ್ಟಿಯಲ್ಲಿ ಉಳಿಸಿರುತ್ತಿದ್ದೆವು. ಅದನ್ನು ತುಂಬಿಕೊಂಡು, ಬ್ಯಾರಕ್‌ಗಳ ಸಾಲು ದಾಟಿ, ತಂತಿಬೇಲಿಯ ಪಕ್ಕದ ಬೇಸ್‌ಬಾಲ್ ಮೈದಾನಕ್ಕೆ ಹೋಗುತ್ತಿದ್ದ. ಬ್ಯಾಟುಗಾರ ನಿಲ್ಲುವ ಜಾಗದ ಹಿಂದೆ, ಎಸೆದ ಚೆಂಡು ಹಿಡಿಯುವ ಕ್ಯಾಚರ್ ಆದ ತಾನು ಕುಕ್ಕುರುಗಾಲಲ್ಲಿ ಕೂರುವ ಆ ಒಂದು ತುಂಡು ನೆಲಕ್ಕೆ ಅಂಗೈಯಿಂದ ನೀರು ಚಿಮುಕಿಸಿ, ಪಾದದಿಂದ ಮೆತ್ತಗೆ ಒತ್ತಿ, ಟೋಪಿ ತೆಗೆದು ಖಾಲಿ ಮೈದಾನಕ್ಕೆ ತಲೆಬಾಗಿ ಹಿಂದಿರುಗುತ್ತಿದ್ದ. ಮರಳಿನ ಬಿರುಗಾಳಿ ಎದ್ದ ದಿನವೂ ತಪ್ಪಿಸಿದವನಲ್ಲ, ಜ್ವರ ಕಾಯುತ್ತಿದ್ದ ದಿನವೂ ತಪ್ಪಿಸಿದವನಲ್ಲ.

"ಅಲ್ಲೇನು ಸೌತೆಬಳ್ಳಿ ನೆಟ್ಟಿದ್ದೀಯಾ, ದಿನಾ ನೀರು ಹೊರ್ತೀಯಲ್ಲ?" ಎಂದು ನನ್ನ ಜೊತೆ ಬಟ್ಟೆ ಹಿಂಡುವ ಫುಸಾಯೊ ಕೆಣಕುತ್ತಿದ್ದಳು.

"ಮೊಣಕಾಲು ನೆಟ್ಟಿದ್ದೀನಿ ಅಕ್ಕ. ನೀರು ಹಾಕ್ದೆ ಹೋದ್ರೆ ಒಣಗಿಹೋಗ್ತವೆ."

ಹಿಂದಿರುಗಿ ಬಂದಾಗ ನಾನು ಚಹಾ ಬೇಕೇ ಎಂದು ಕೇಳುತ್ತಿದ್ದೆ. ಬೇಡ ಎನ್ನುತ್ತಿದ್ದ. ಮತ್ತೆ ಕೇಳಿದರೆ, ನಿಮಗ್ಯಾಕೆ ತೊಂದರೆ ಎನ್ನುತ್ತಿದ್ದ. ಮೂರನೇ ಸಲ ಕೇಳಿದಾಗ ಬಕೆಟ್ ಕೆಳಗಿಟ್ಟು ಎರಡೂ ಕೈ ಚಾಚಿ ಲೋಟ ತೆಗೆದುಕೊಳ್ಳುತ್ತಿದ್ದ. ಜಪಾನಿನಲ್ಲಿ ಬೆಳೆದ ನಮ್ಮಂಥವರಲ್ಲಿ ಹಾಗೆಯೇ ನಡೆಯುವುದು. ಮೊದಲ ಮಾತಿಗೇ ಕೈಚಾಚುವವನು ಹಸಿದ ನಾಯಿಗೆ ಸಮ. ಒಂದೇ ಸಲ ಕೇಳಿ ಸುಮ್ಮನಾಗುವವನಿಗೆ ಕೊಡುವ ಮನಸ್ಸೇ ಇರಲಿಲ್ಲ ಎಂದು ತಿಳಿಯಬೇಕು.

ತಮೋತ್ಸು ಉರಬೆ ಹುಟ್ಟಿದ್ದು ಮಾತ್ರ ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳ ನಡುವೆ. ತಂದೆ ತಾಯಿ ಇಬ್ಬರೂ ಕೂಲಿಗೆ ಹೋಗುವವರು. ಮಗುವನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲವೆಂದು, ಅವನಿನ್ನೂ ಚಡ್ಡಿಯ ಲಾಡಿ ಕಟ್ಟಲು ಬಾರದ ವಯಸ್ಸಿನಲ್ಲಿದ್ದಾಗ, ಪರಿಚಯದವರ ಜೊತೆ ಹಡಗು ಹತ್ತಿಸಿ ಜಪಾನಿನ ಕುಮಮೊತೊದಲ್ಲಿದ್ದ ಅಜ್ಜಿಯ ಮನೆಗೆ ಕಳಿಸಿದರು. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ಮಾಡಿದ್ದಾರೆ. ಮುಂದಿನ ವಸಂತಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ತಾಯಿ ಹಡಗುಕಟ್ಟೆಯಲ್ಲಿ ಹೇಳಿದಳಂತೆ. ಅವನು ವಸಂತ ಬಂದಾಗಲೆಲ್ಲ ಅಜ್ಜಿಯ ಊರಿನ ರಸ್ತೆ ತಿರುವಿನಲ್ಲಿ ಕೂತು ಕಾದ. ಮೊದಲ ವರ್ಷ ಹೊಸ ಅಂಗಿ ಹಾಕಿಕೊಂಡು ಕಾದನಂತೆ. ಕೊನೆಕೊನೆಗೆ ಅಜ್ಜಿಗೆ ಗೊತ್ತಾಗದ ಹಾಗೆ, ಸೌದೆ ಆರಿಸುವ ನೆವ ಮಾಡಿಕೊಂಡು ಕಾಯುತ್ತಿದ್ದನಂತೆ. ತಾಯಿ ಬರಲಿಲ್ಲ. ಹಡಗಿನ ಖರ್ಚು ಒಂದು ವರ್ಷವೂ ಕೂಡಿಬರಲಿಲ್ಲ.

ಮೀಸೆ ಮೂಡಿದ ಮೇಲೆ ಒಬ್ಬನೇ ಹಡಗು ಹತ್ತಿ ಬಂದ. ಬಂದರಿನಲ್ಲಿ ತಾಯಿಯ ಗುರುತೇ ಸಿಗಲಿಲ್ಲ. ಕೈಯಲ್ಲಿ ಹಳೆಯ ಫೋಟೋ ಹಿಡಿದ ಒಬ್ಬಳು ಗಿಡ್ಡ ಹೆಂಗಸು ಬಂದವರ ಮುಖವನ್ನೆಲ್ಲ ನೋಡುತ್ತಾ ಅವನ ಮುಂದೆ ನಿಂತು, ಊಟ ಆಯಿತೇ ಎಂದು ಕೇಳಿದಳಂತೆ. ಆಯಿತು ಎಂದನಂತೆ. ಆಗಿರಲಿಲ್ಲ.

ಆಮೇಲೆ ಅವನ ಬದುಕೆಲ್ಲ ದ್ರಾಕ್ಷಿ ಪೆಟ್ಟಿಗೆ ಕಟ್ಟುವುದರಲ್ಲಿ ಕಳೆಯಿತು. ಭಾನುವಾರ ಮಾತ್ರ ಬೇಸ್‌ಬಾಲ್. ಆಟ ಕಲಿತದ್ದು ಜಪಾನಿನ ಶಾಲೆಯಲ್ಲಿ. ಮೈದಾನಕ್ಕೆ ನಮಸ್ಕರಿಸುವುದೂ ಅಲ್ಲಿನ ಪಾಠವೇ. ಚೆಂಡು ಹಿಡಿದು ಹಿಡಿದು ಬಲಗೈ ಬೆರಳುಗಳು ಶುಂಠಿ ಕೊಂಬಿನ ಹಾಗೆ ಸೊಟ್ಟಗಾಗಿದ್ದವು. ಮದುವೆಯಾಗಲಿಲ್ಲ. ತಂದೆ ತೀರಿಕೊಂಡ ಮೇಲೆ ತಾಯಿ ಇವನ ನಂತರ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿದ್ದ ಮಗಳ ಮನೆ ಸೇರಿದಳು. ಇವನು ಹೊಸ ವರ್ಷಕ್ಕೆ ಹೋಗಿ, ಎರಡು ದಿನ ಇದ್ದು, ಹೆಚ್ಚು ಮಾತಿಲ್ಲದೆ ತಾಯಿಯ ಕಾಲು ಒತ್ತಿ ಬರುತ್ತಿದ್ದ. ಜಪಾನಿನ ಮೇಲೆ ಯುದ್ಧ ಶುರುವಾಗಿ, ಅಮೆರಿಕ ಸರ್ಕಾರ ಜಪಾನಿ ಮುಖದವರನ್ನೆಲ್ಲ ಕರಾವಳಿಯಿಂದ ಎಬ್ಬಿಸಿ ಬೇಲಿ ಹಾಕಿದ ಶಿಬಿರಗಳಿಗೆ ತುಂಬಿದಾಗ ತಾಯಿ ಮಗಳು ವಯೋಮಿಂಗಿನ ಬೆಟ್ಟದ ಶಿಬಿರಕ್ಕೆ ಹೋದರು. ಇವನು ನಮ್ಮ ಜೊತೆ ಅರಿಜೋನಾದ ಮರಳಿಗೆ ಬಂದ.

ಎರಡನೇ ಚಳಿಗಾಲ ಕಳೆಯುವಷ್ಟರಲ್ಲಿ ತಾಯಿಯ ಕಣ್ಣು ಹೋದ ಸುದ್ದಿ ಬಂತು. ಎದೆಯಲ್ಲೂ ಏನೋ ಇತ್ತು. ಬಾಗಿಲಲ್ಲಿ ಯಾವ ಗಂಡಸಿನ ಹೆಜ್ಜೆ ಕೇಳಿದರೂ ತಮೋತ್ಸು ಬಂದನೇ ಎನ್ನುತ್ತಿದ್ದಳಂತೆ. ಅವನಿರುವುದು ಎಷ್ಟು ದೂರ ಎಂದು ಮಗಳು ಬಿಡಿಸಿ ಹೇಳಿದ ಮೇಲೆ ಕೇಳುವುದನ್ನು ಬಿಟ್ಟಳಂತೆ. ಉರಬೆ ಹೋಗಲು ಅನುಮತಿ ಕೇಳಿದ. ನಮ್ಮ ಬ್ಲಾಕಿನ ಮುಖ್ಯಸ್ಥ ನಕಶಿಗೆ ಎಂಬವನು ಅವನ ಪರವಾಗಿ ಅರ್ಜಿ ಬರೆದುಕೊಟ್ಟ. ಈ ಮುಖ್ಯಸ್ಥ ಹಿಂದೆ ದಿನಸಿ ಅಂಗಡಿ ಇಟ್ಟಿದ್ದ ಮುದುಕ, ಬೇಸ್‌ಬಾಲ್ ಎಂದರೆ ಪ್ರಾಣ. ಸಾಯುವ ಸ್ಥಿತಿ ಇದ್ದರೆ ಮಾತ್ರ ಬಿಡುತ್ತೇವೆ, ಆಗ ಮತ್ತೆ ಕೇಳಿ ಎಂದು ಕಚೇರಿಯಿಂದ ಉತ್ತರ ಬಂತು. ಹಾಗೆ ಮತ್ತೆ ಕೇಳಿದವರೆಲ್ಲ ಬೂದಿ ತರಲು ಹೋದದ್ದನ್ನು ನಾವು ನೋಡಿದ್ದೆವು.

ಬೇಸಿಗೆಯ ಹೊತ್ತಿಗೆ ಬೇರೆಯೇ ಸುದ್ದಿ ಬಂತು. ನಮ್ಮ ಶಿಬಿರದ ಎಲ್ಲ ತಂಡಗಳಿಂದ ಒಳ್ಳೊಳ್ಳೆಯ ಆಟಗಾರರನ್ನು ಆರಿಸಿ ಒಂದು ಆಲ್‌ಸ್ಟಾರ್ ತಂಡ ಮಾಡಬೇಕು, ಆ ತಂಡ ಬಸ್ಸಿನಲ್ಲಿ ವಯೋಮಿಂಗಿನ ಶಿಬಿರಕ್ಕೆ ಹೋಗಿ ಆಡಬಹುದು ಎಂದು ಕಚೇರಿಯವರು ಒಪ್ಪಿದರು. ಅರ್ಜಿ ಹಾಕಿದ ಮಗನನ್ನು ಬಿಡದವರು ಚೆಂಡು ಹಿಡಿಯುವವರನ್ನು ಬಿಡುತ್ತೇವೆಂದರು.

ಆ ವಾರಗಳಲ್ಲಿ ಶಿಬಿರದಲ್ಲಿ ಬೇರೆ ಮಾತೇ ಇರಲಿಲ್ಲ. ಶೌಚಾಲಯದ ಸಾಲಿನಲ್ಲಿ, ಅನ್ನದ ಸಾಲಿನಲ್ಲಿ, ಚಾವಡಿಯಿಲ್ಲದ ಕಡೆ ನೆರಳೇ ಚಾವಡಿಯಾಗಿ, ಯಾರು ಯೋಗ್ಯರು, ಯಾರು ಅಲ್ಲ ಎಂಬ ಜಗಳ. ಮೊದಲ ಬೇಸ್ ಕಾಯಲು ಉದ್ದ ಕೈಯವನು ಬೇಕೋ ಎಡಗೈಯವನು ಬೇಕೋ ಎಂದು ಅಣ್ಣತಮ್ಮಂದಿರು ಮಾತು ಬಿಟ್ಟರು. ನಮ್ಮ ಕೊಟ್ಟಿಗೆಯಲ್ಲೂ ಹೆಂಗಸರು ಹಾಸುಬಟ್ಟೆ ಹಿಂಡುತ್ತಾ ತಂಡ ಕಟ್ಟುತ್ತಿದ್ದರು. ಒಬ್ಬ ಹುಡುಗನ ಹೆಸರು ಬಂದಾಗ ಫುಸಾಯೊ, ಅವನು ಹೊಡೆದದ್ದೆಲ್ಲ ಅಡುಗೆಯವರ ತಂಡದ ಮೇಲೆ, ಅವರ ಪಿಚರ್ ಎಸೆಯುವುದು ಚೆಂಡೋ ಅಕ್ಕಿಯುಂಡೆಯೋ ಎಂದಳು. ಆ ಹುಡುಗನ ತಾಯಿ ಪಕ್ಕದ ತೊಟ್ಟಿಯಲ್ಲೇ ಇದ್ದಳು. ಅವಳು ಒದ್ದೆ ಹಾಸುಬಟ್ಟೆಯನ್ನು ಫುಸಾಯೊಳ ಕಡೆ ಸ್ವಲ್ಪ ಜೋರಾಗಿಯೇ ಕೊಡವಿದಳು.

ಕ್ಯಾಚರ್‌ಗೆ ಒಂದೇ ಜಾಗ. ಬಸ್ಸಿನಲ್ಲಿ ಸೀಟು ಕಡಿಮೆ ಎಂದು ಇಬ್ಬರನ್ನು ಒಯ್ಯುವಂತಿರಲಿಲ್ಲ. ಒಂದು ಕಡೆ ಉರಬೆ. ಇನ್ನೊಂದು ಕಡೆ ರಾಯ್ ಕಿತಗಾವ, ಇಪ್ಪತ್ತರ ಹುಡುಗ, ಇಲ್ಲಿಯೇ ಹುಟ್ಟಿ ಇಲ್ಲಿಯೇ ಬೆಳೆದವನು, ಅವನ ಹೊಡೆತಕ್ಕೆ ಚೆಂಡು ತಂತಿಬೇಲಿಯಾಚೆ ಹೋಗಿ ಕಾವಲುಗಾರರು ಎತ್ತಿ ಎಸೆಯಬೇಕಾಗುತ್ತಿತ್ತು. ಹಿರಿಯರು ಉರಬೆಯ ಕಡೆ. ನಮ್ಮ ಒಳ್ಳೆಯ ಪಿಚರ್ ಎಸೆಯುವ ಚೆಂಡು ಕೊನೆಗಳಿಗೆಯಲ್ಲಿ ಕೆಳಗೆ ಕುಸಿಯುತ್ತದೆ, ಅದನ್ನು ಬಿಡದೆ ಹಿಡಿಯುವವನು ಉರಬೆ ಒಬ್ಬನೇ, ರಾಯ್ ಕೈಯಲ್ಲಿ ಮೂರಕ್ಕೊಂದು ಜಾರುತ್ತದೆ ಎಂಬುದು ಅವರ ವಾದ. ಹುಡುಗರು ವಯಸ್ಸಾದ ಉರಬೆಯ ಬ್ಯಾಟನ್ನು ಹೀಯಾಳಿಸಿದರು. "ಅವ್ರು ಹೊಡೆದ್ರೆ ಚೆಂಡಿಗೆ ನೋವಾಗಲ್ಲ ಕಣೋ, ನಿದ್ದೆ ಬರುತ್ತೆ" ಎಂದು ಯಾರೋ ಅಂದದ್ದು ಉರಬೆಯ ಕಿವಿಗೂ ಬಿತ್ತು. ಅವನೂ ನಕ್ಕ.

ಆ ದಿನಗಳಲ್ಲಿ ಒಂದು ಬೆಳಗ್ಗೆ ಚಹಾ ಕುಡಿದ ಮೇಲೂ ಅವನು ಹೊರಡಲಿಲ್ಲ. ಲೋಟ ತಿರುಗಿಸುತ್ತಾ ನಿಂತಿದ್ದ. ತಾಯಿ ಇರುವ ಬ್ಯಾರಕ್ಕು ಅಲ್ಲಿನ ಮೈದಾನದಿಂದ ದೂರವಿಲ್ಲವಂತೆ ಎಂದ. ಆಟದ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕರೆತಂದರೆ, ಕಣ್ಣು ಕಾಣದಿದ್ದರೂ ಚೆಂಡು ಕೈಗವಸಿಗೆ ಬೀಳುವ ಸದ್ದು ಕೇಳಿಸುತ್ತದಲ್ಲ ಎಂದ. ಅವನು ಆಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಇದನ್ನು ಆರಿಸುವವರಿಗೆ ಹೇಳಿದ್ದೀಯಾ ಎಂದು ಕೇಳಿದೆ.

"ಇಲ್ಲ ಅಕ್ಕ, ನೀವೂ ಹೇಳ್ಬೇಡಿ. ನಕಶಿಗೆಯವ್ರಿಗೆ ಗೊತ್ತು, ಅವ್ರೂ ಹೇಳಲ್ಲ ಅಂದಿದ್ದಾರೆ. ಆಟ ನೋಡಿ ಆರಿಸ್ಲಿ. ತಾಯಿ ನೋಡಿ ಆರಿಸೋದಾದ್ರೆ ಇಲ್ಲಿ ಯಾರಿಗಿಲ್ಲ ತಾಯಿ?"

ಅದು ನಿಜವೇ. ನಾನು ಹೇಳಲಿಲ್ಲ. ಅಮಿದ ಬುದ್ಧನ ನಾಮ ಹೇಳಿಕೊಳ್ಳುವಾಗ ಆ ಕುರುಡು ತಾಯಿಯನ್ನೂ ಸೇರಿಸಿಕೊಂಡೆ, ಅಷ್ಟೇ.

ಆರಿಸುವ ಸಭೆ ಊಟದ ಮನೆಯಲ್ಲಿ ಸೇರಿತು. ಸಂಜೆಯ ಕುರಿಮಾಂಸದ ವಾಸನೆ ಇನ್ನೂ ಹೋಗಿರಲಿಲ್ಲ. ಮೇಜಿನ ಹಿಂದೆ ಐದು ಜನ, ನಡುವೆ ಅಧ್ಯಕ್ಷ ವಾಲ್ಟರ್ ಇನದೋಮಿ. ಅವನು ಕಾಲೇಜು ಮೆಟ್ಟಿಲು ಹತ್ತಿದ್ದ ಹುಡುಗ, ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿ ಬೆಳೆದವನು. ಕೆಟ್ಟವನಲ್ಲ. ಅವನಷ್ಟು ನ್ಯಾಯವಾಗಿ ಅನ್ನದ ಪಾಲು ಹಂಚುವವರೂ ಇರಲಿಲ್ಲ. ಬಾಗಿಲು ಮುಚ್ಚಿ ಆರಿಸಿದರೆ ಜನ ಅನುಮಾನಪಡುತ್ತಾರೆಂದು ಎಲ್ಲರ ಎದುರಿಗೇ ಚರ್ಚೆ ಇಟ್ಟಿದ್ದ. ಆಟಗಾರರು ಬೆಂಚುಗಳ ಮೇಲೆ, ಉಳಿದವರು ಗೋಡೆಗೆ ಒರಗಿ, ನಾವು ಹೆಂಗಸರು ಚಹಾದ ಕೆಟಲ್ ಹಿಡಿದು.

ಪಿಚರ್‌ಗಳ ವಿಷಯಕ್ಕೇ ಬಹಳ ಹೊತ್ತು ಹೋಯಿತು. ಎರಡನೇ ಬೇಸಿನವನ ವಿಷಯಕ್ಕೆ ಒಬ್ಬ ಎದ್ದು ಹೊರಗೆ ಹೋಗಿ ಮತ್ತೆ ಒಳಗೆ ಬಂದ. ಆಮೇಲೆ ಕ್ಯಾಚರ್. ನಕಶಿಗೆ ಎದ್ದು ನಿಂತು ಉರಬೆಯ ಪರ ಮಾತಾಡಿದ. ಅಷ್ಟು ಚೆನ್ನಾಗಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕುಸಿಯುವ ಚೆಂಡಿನ ಬಗ್ಗೆ, ಪಿಚರ್ ಹೆದರಿದಾಗ ಉರಬೆ ಸುಮ್ಮನೆ ನಡೆದುಹೋಗಿ ಚೆಂಡು ಒರೆಸಿಕೊಟ್ಟು ಬರುವ ಬಗ್ಗೆ, ಎಸೆತದ ನಡುವೆಯೇ ಮುಂದಿನ ಬೇಸಿನತ್ತ ಕದ್ದು ಓಡುವವರನ್ನು ಆ ಸೊಟ್ಟ ಬೆರಳುಗಳು ಹೇಗೆ ನಿಲ್ಲಿಸುತ್ತವೆ ಎಂಬ ಬಗ್ಗೆ ಹೇಳಿದ. ತಾಯಿಯ ಮಾತು ಎತ್ತಲಿಲ್ಲ. ರಾಯ್ ಪರವಾಗಿ ಬ್ಯಾಟಿನ ಲೆಕ್ಕ ಬಂತು. ಕೊನೆಗೆ ಮೇಜಿನ ಹಿಂದಿನವರು ಇಬ್ಬರು ಅತ್ತ, ಇಬ್ಬರು ಇತ್ತ ಆದರು. ತೀರ್ಮಾನ ವಾಲ್ಟರ್‌ನ ಕೈಗೆ ಬಂತು.

ಅವನು ಪೆನ್ಸಿಲ್ ಕೆಳಗಿಟ್ಟು, ನನಗೆ ಉರಬೆಯವರೇ ಸರಿ ಎನಿಸುತ್ತದೆ, ಆದರೆ ದೂರದ ಪ್ರಯಾಣ, ಮನಸ್ಸಿಲ್ಲದವರನ್ನು ಎಳೆದೊಯ್ಯಬಾರದು, ಇಬ್ಬರನ್ನೂ ಕೇಳಿಬಿಡುತ್ತೇನೆ ಎಂದ. ಇಡೀ ಊಟದ ಮನೆ ಉರಬೆಯ ಕಡೆ ತಿರುಗಿತು.

"ಉರಬೆ-ಸಾನ್, ನೀವು ಹೋಗ್ತೀರಾ?"

ಉರಬೆ ಎದ್ದು ನಿಂತ. ಟೋಪಿ ತೆಗೆದ. ಮೈದಾನಕ್ಕೆ ಬಾಗುವ ಹಾಗೆಯೇ ಬಾಗಿದ.

"ನಂಗೇನು ಯೋಗ್ಯತೆ ಇದೆ. ಕಿತಗಾವ ನನಗಿಂತ ಒಳ್ಳೆ ಆಟಗಾರ. ಅವನು ಹೋಗೋದೇ ಸರಿ."

ನನ್ನ ಪಕ್ಕದಲ್ಲಿದ್ದ ಫುಸಾಯೊ ಮೆಲ್ಲಗೆ ಉಸಿರು ಬಿಟ್ಟಳು. ಚೆನ್ನಾಗಿ ಹೇಳಿದ ಎಂದು ಅವಳಿಗೆ ಸಮಾಧಾನ. ನನಗೂ ಹಾಗೆಯೇ ಅನಿಸಿತು. ಮೊದಲ ಸಲಕ್ಕೆ ಇದಕ್ಕಿಂತ ಒಪ್ಪುವ ಉತ್ತರ ಇರಲಿಲ್ಲ. ಗೋಡೆಗೆ ಒರಗಿದ್ದ ಹಿರಿಯರೆಲ್ಲ ತಲೆಯಾಡಿಸಿದರು. ಇನ್ನು ವಾಲ್ಟರ್ ಮತ್ತೆ ಕೇಳಬೇಕು, ಇವನು ಇನ್ನೊಮ್ಮೆ ಹಿಂದೆ ಸರಿಯಬೇಕು, ಆಮೇಲೆ ಒಪ್ಪಬೇಕು.

ವಾಲ್ಟರ್ ಗೌರವದಿಂದ ತಲೆಬಾಗಿ, ಸರಿ, ತುಂಬಾ ದೊಡ್ಡ ಮನಸ್ಸು ನಿಮ್ಮದು ಎಂದ. ರಾಯ್ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದ.

"ಹೋಗ್ದೆ ಇರ್ತೀನಾ?" ಎಂದ ರಾಯ್. "ವಯೋಮಿಂಗಿನ ಬೇಲಿ ಎಷ್ಟೆತ್ತರ ಇದೆ ಅಂತ ನೋಡ್ಕೊಂಡು ಬರ್ತೀನಿ."

ಜನ ನಕ್ಕರು. ವಾಲ್ಟರ್ ಹೆಸರು ಬರೆದ. ಉರಬೆಯ ಹೆಸರನ್ನು ಬದಲಿ ಆಟಗಾರ ಎಂದು ಕೆಳಗೆ ಬರೆದು, ಮೂರನೇ ಬೇಸಿನ ವಿಷಯ ತೆಗೆದ.

ಉರಬೆ ಇನ್ನೂ ನಿಂತೇ ಇದ್ದ. ಕೂರಲು ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಕೂತ. ಅಧ್ಯಕ್ಷನ ಮಾತಿಗೆ ಅಡ್ಡ ಹೋದರೆ ಆ ಹುಡುಗನ ಮಾನ ಹೋಗುತ್ತದೆ. ಉರಬೆಗೆ ಹೋಗುವ ಆಸೆಯಿದೆ ಎಂದು ಹೇಳಿದರೆ ಇವನ ಮಾನ ಹೋಗುತ್ತದೆ. ಕೊನೆಯಲ್ಲಿ ಮತ್ತೆ ಕೇಳುತ್ತಾನೆ ಎಂದು ನಕಶಿಗೆ ಕಾದ. ನಾನೂ ಕೆಟಲ್ ಹಿಡಿದು ಕಾದೆ. ಪಟ್ಟಿ ಮುಗಿಯಿತು, ಜನ ಚಪ್ಪಾಳೆ ತಟ್ಟಿದರು, ಬೆಂಚುಗಳು ಸರಿದ ಸದ್ದಾಯಿತು. ಬುದ್ಧನ ಕರುಣೆ ಕೇಳದೆಯೇ ಬರುತ್ತದೆ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಮನುಷ್ಯರ ಕರುಣೆಗೆ ಮಾತ್ರ ಮೂರು ಸಲ ಕೇಳುವ ಯಾರಾದರೂ ಬೇಕು.

ಮರುದಿನ ಬೆಳಗ್ಗೆ ಉರಬೆ ಎಂದಿನಂತೆ ಬಕೆಟ್ ಹಿಡಿದು ಬಂದ. ನೀರು ಹೊತ್ತ, ಚಿಮುಕಿಸಿದ, ತಲೆಬಾಗಿದ. ಹಿಂದಿರುಗಿದಾಗ ಚಹಾ ಕೇಳಿದೆ. ಬೇಡ ಎಂದ. ಮೂರನೇ ಸಲ ಕೇಳಿದಾಗಲೂ ಬೇಡ ಎಂದ. ನಾಲ್ಕನೇ ಸಲ ಕೇಳುವುದು ನಮ್ಮಲ್ಲಿ ಇಲ್ಲ.

ನಕಶಿಗೆ ತಡೆಯಲಾರದೆ ವಾಲ್ಟರ್‌ನನ್ನು ನಮ್ಮ ಕೊಟ್ಟಿಗೆಯ ನೆರಳಿಗೆ ಕರೆತಂದು ಎಲ್ಲ ಹೇಳಿದ, ತಾಯಿಯ ವಿಷಯವನ್ನೂ. ಹುಡುಗನ ಮುಖ ಸುಣ್ಣದಂತಾಯಿತು.

"ಯಾರೂ ಹೇಳ್ಲಿಲ್ವಲ್ಲ. ನಾನು ಕೇಳ್ದೆ ತಾನೇ ಯಜಮಾನ್ರೇ? ಎಲ್ರ ಎದುರಿಗೆ ಕೇಳ್ದೆ."

"ಕೇಳ್ದೆ," ಎಂದ ನಕಶಿಗೆ. "ಒಂದ್ಸಲ."

ವಾಲ್ಟರ್ ಕಚೇರಿಗೆ ಓಡಿದ. ಪಟ್ಟಿ ಆಗಲೇ ಮೇಲಿನವರಿಗೆ ಹೋಗಿತ್ತು. ಆಟಗಾರನಿಗೆ ಪೆಟ್ಟಾದರೆ ಮಾತ್ರ ಬದಲಿಯವನನ್ನು ಕಳಿಸಬಹುದು, ಬೇರೆ ಕಾರಣಕ್ಕೆ ಆಗದು ಎಂದರಂತೆ. ಹಿಂದಿರುಗಿ ಬಂದು ಉರಬೆಯ ಮುಂದೆ ನಿಂತು ತಪ್ಪಾಯಿತು ಎಂದ. ಉರಬೆ ಅವನನ್ನೇ ಸಮಾಧಾನ ಮಾಡಿ ಕಳಿಸಿದ. ತಪ್ಪು ಯಾರದೆಂದು ಹೇಳಲು ನನಗೆ ಇವತ್ತಿಗೂ ಬಾರದು. ಹುಡುಗ ತಾನು ಕಲಿತಂತೆ ಕೇಳಿದ, ಇವನು ತಾನು ಕಲಿತಂತೆ ಹೇಳಿದ.

ಆಮೇಲಿನ ದಿನಗಳಲ್ಲಿ ಉರಬೆ ಆ ಆಯ್ದ ತಂಡದ ಅಭ್ಯಾಸಕ್ಕೆ ಹೋಗುತ್ತಿದ್ದ. ಯಾರೂ ಕರೆದಿರಲಿಲ್ಲ. ಕುಸಿಯುವ ಚೆಂಡು ಹಿಡಿಯುವುದನ್ನು ರಾಯ್‌ಗೆ ಹೇಳಿಕೊಡುತ್ತಿದ್ದ. ಕಣ್ಣು ಮುಚ್ಚಿಕೊಳ್ಳಬೇಡ, ಚೆಂಡು ನಿನ್ನ ಶತ್ರುವಲ್ಲ, ದಣಿದು ಮನೆಗೆ ಬರುತ್ತಿರುವವನು, ಎರಡೂ ಕೈ ಚಾಚಿ ಒಳಗೆ ಕರೆದುಕೋ ಎನ್ನುತ್ತಿದ್ದನಂತೆ. ಹುಡುಗನ ಕೈಯಿಂದ ಚೆಂಡು ಜಾರುವುದು ಕಡಿಮೆಯಾಯಿತು. ಉರಬೆ ದಿನದಿಂದ ದಿನಕ್ಕೆ ಇಳಿದುಹೋದ. ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿಯುತ್ತಿತ್ತು. ಬಟ್ಟೆ ಒಗೆಯಲು ತಂದಾಗ ಅಂಗಿಯ ಕೊರಳುಪಟ್ಟಿ ಅವನಿಗೆ ದೊಡ್ಡದಾಗಿದ್ದುದನ್ನು ನೋಡಿದೆ. ನಾನು ಜಪ ಮಾಡಿದೆ. ಏನೂ ಬದಲಾಗಲಿಲ್ಲ.

ಬಸ್ಸು ಹೊರಡುವ ದಿನ ಬೆಳಗ್ಗೆ ಉರಬೆ ಬಕೆಟ್ ತುಂಬುತ್ತಿದ್ದಾಗ ರಾಯ್ ಕೊಟ್ಟಿಗೆಯ ಹಿಂಬಾಗಿಲಿಗೆ ಬಂದ. ಬಲಗೈಯ ಎರಡು ಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿಕೊಂಡಿದ್ದ. ಅವನಿಗೆ ವಿಷಯ ಗೊತ್ತಾಗಿತ್ತು.

"ಬಾಗಿಲಿಗೆ ಸಿಕ್ಕಿ ಬೆರಳು ಜಜ್ಜಿಹೋಯ್ತು ಅಂತ ಹೇಳ್ತೀನಿ. ಬದಲಿ ಹೆಸರು ನಿಮ್ದೇ ಇದೆ. ನೀವು ಹತ್ತಿ ಬಸ್ಸು."

ಉರಬೆ ಬಕೆಟ್ ಇಟ್ಟು ಅವನ ಕೈ ಹಿಡಿದ. ಗಂಟು ಬಿಚ್ಚಿ, ಬಟ್ಟೆಯನ್ನು ಸುರುಳಿ ಬಿಡಿಸಿ ತೆಗೆದ. ಒಳಗಿನ ಬೆರಳುಗಳು ನೆಟ್ಟಗಿದ್ದವು. ಒಂದೊಂದನ್ನೂ ಮಡಿಸಿ ನೋಡಿದ.

"ಕ್ಯಾಚರ್ ಆದವನು ಸುಳ್ಳಿಗೂ ಬೆರಳು ಕಟ್ಟಬಾರ್ದು ಕಣಪ್ಪ."

ನೀವೇ ಹೋಗಿ ಎಂದು ರಾಯ್ ಇನ್ನೊಮ್ಮೆ ಕೇಳಿದ. ಬೇಡ ಎಂದ ಉರಬೆ. ಆಗ ಹುಡುಗ ಟೋಪಿ ತೆಗೆದು, ಅಭ್ಯಾಸವಿಲ್ಲದ ಬೆನ್ನನ್ನು ಬಗ್ಗಿಸಿ, ಹಿರಿಯರ ಹಾಗೆ ನಿಂತು ಮೂರನೇ ಸಲ ಕೇಳಿದ. ಯಾರೋ ಹೇಳಿಕೊಟ್ಟಿರಬೇಕು. ನಾನು ಕೈಯಲ್ಲಿದ್ದ ಬಟ್ಟೆಯನ್ನು ನೀರಿನಲ್ಲೇ ಬಿಟ್ಟು ನಿಂತೆ.

ಉರಬೆ ಅವನ ಬಗ್ಗಿದ ತಲೆಯನ್ನೇ ನೋಡಿದ.

"ಆವತ್ತು ರೂಢಿಗೆ ಅಂತ ಹೇಳ್ದೆ, ನೀನು ನನಗಿಂತ ಒಳ್ಳೆಯವನು ಅಂತ. ಈಗ ದಿನಾ ನಿನ್ನ ಆಟ ನೋಡ್ತಾ ಇದ್ದೀನಲ್ಲ. ಅದು ನಿಜಾನೇ. ನಿಜ ಅಂತ ಗೊತ್ತಾದ್ಮೇಲೆ ವಾಪಸ್ ತಗೊಳೋದು ಹೇಗೆ? ತಲೆ ಎತ್ತು."

ರಾಯ್ ನೆಟ್ಟಗೆ ನಿಂತ. ಬಸ್ಸಿನ ಕಡೆಯಿಂದ ಯಾರೋ ಅವನ ಹೆಸರು ಕೂಗುತ್ತಿದ್ದರು. ಹಾಗಾದರೆ ಅಮ್ಮ ಇರುವ ಬ್ಯಾರಕ್ಕಿನ ನಂಬರನ್ನಾದರೂ ಹೇಳಿ ಎಂದ. ಹೋಗಿ ನೋಡಿ ಬರುತ್ತೇನೆ, ಪಕ್ಕದಲ್ಲಿ ಕೂತು ನಿಮ್ಮ ಸುದ್ದಿ ಹೇಳುತ್ತೇನೆ, ಮುಂದಿನ ವರ್ಷ ತಂಡದ ಜೊತೆ ನೀವೂ ಬರುತ್ತೀರಿ ಎನ್ನುತ್ತೇನೆ ಎಂದ.

ಉರಬೆ ಬಾಗಿ ಬಕೆಟ್‌ಗಳನ್ನು ಎತ್ತಿಕೊಂಡ. ನೀರು ತುಳುಕಿ ಅವನ ಪಾದದ ಮೇಲೆ ಬಿತ್ತು.

"ಬೇಡ ಮಗು. ಬರ್ತೀನಿ ಅಂದ್ರೆ ಕಾಯ್ತಾಳೆ. ಈಗ ಅವಳು ಯಾರಿಗೂ ಕಾಯ್ತಾ ಇಲ್ಲ."